ಕಟ್ಟಕಡೆಯ ಕೊನೆಯ ದಿನಾಂಕ

ದೆವ್ವಕ್ಕೇ ವಾಯಿದೆ ಹೇಳಿ ಕಳಿಸಿದ ಜನ ನಾವು. ತೊಂಬತ್ತರ ದಶಕದಲ್ಲಿ ನಮ್ಮ ಎಷ್ಟೋ ಊರುಗಳಲ್ಲಿ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಿದ್ದರು, ನೆನಪಿದೆಯೇ? ರಾತ್ರಿ ಹೊತ್ತು ದೆವ್ವ ಬಂದು ಗುರುತಿನವರ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದವರ ಕಥೆ ಮುಗಿಯಿತು ಎಂದು ಪುಕಾರು. ಆದರೆ ಆ ದೆವ್ವಕ್ಕೆ ಓದು ಬರುತ್ತಿತ್ತು, ಅದೂ ಕನ್ನಡ. ಬಾಗಿಲ ಮೇಲಿನ ಬರಹ ಓದಿ ‘ಓಹೋ, ಇವತ್ತು ಪುರುಸೊತ್ತಿಲ್ಲವೇನೋ’ ಎಂದುಕೊಂಡು ಹಿಂದಿರುಗುತ್ತಿತ್ತು. ಮರುದಿನ ಬಂದರೆ ಅದೇ ಬರಹ. ಅದರ ಮರುದಿನವೂ ಅದೇ. ಎಲ್ಲರೂ ದೆವ್ವದ ದಡ್ಡತನಕ್ಕೆ ನಕ್ಕರು. ನನಗೆ ಮಾತ್ರ ಅದರ ಶಿಸ್ತು ಕಂಡು ಗೌರವ ಬಂತು. ಹೇಳಿದ ದಿನ, ಹೇಳಿದ ಹೊತ್ತಿಗೆ, ಒಂದು ದಿನವೂ ತಪ್ಪದೆ ಹಾಜರಾಗುತ್ತಿದ್ದದ್ದು ಆ ಊರಲ್ಲೆಲ್ಲ ಅದೊಂದೇ!

ಕಾಲಾಂತರದಲ್ಲಿ ದೆವ್ವ ಬರುವುದನ್ನು ಬಿಟ್ಟಿತು. ಬರಹ ಮಾತ್ರ ಬಾಗಿಲಿನಿಂದ ಇಳಿದು ಕಾಲೇಜಿನ ನೋಟಿಸ್ ಬೋರ್ಡಿಗೆ ಬಂದು ಕೂತಿತು. ಪರೀಕ್ಷಾ ಶುಲ್ಕದ ಸುತ್ತೋಲೆಯನ್ನು ಒಮ್ಮೆ ಓದಿ ನೋಡಿ. ದಂಡವಿಲ್ಲದೆ ಕಟ್ಟಲು ಕೊನೆಯ ದಿನಾಂಕ. ಅದರ ಕೆಳಗೆ, ದಂಡ ಸಹಿತ ಕಟ್ಟಲು ಕೊನೆಯ ದಿನಾಂಕ. ಅದರ ಕೆಳಗೆ, ವಿಶೇಷ ದಂಡ ಸಹಿತ ಕಟ್ಟಲು ಕೊನೆಯ ದಿನಾಂಕ. ಒಬ್ಬ ಮನುಷ್ಯನಿಗೆ ಸಾವು ಒಂದೇ ಸಲ, ಒಂದು ಶುಲ್ಕಕ್ಕೆ ಕೊನೆ ಮೂರು ಸಲ. ನಮ್ಮ ಹುಡುಗರೇನು ಕಡಿಮೆಯೇ? ಸುತ್ತೋಲೆಯನ್ನು ಅವರು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ಮೂರನೆಯ ಸಾಲು ಓದಿ, ‘ಇನ್ನೂ ಟೈಮಿದೆ ಮಗಾ’ ಎಂದು ಕ್ಯಾಂಟೀನಿನ ಕಡೆ ಹೊರಡುತ್ತಾರೆ.

ಹುಡುಗರನ್ನು ಬೈದು ಏನು ಪ್ರಯೋಜನ ಸ್ವಾಮಿ, ದೊಡ್ಡವರ ಮನೆಯಲ್ಲೂ ದೋಸೆ ತೂತೇ. ನಮ್ಮ ಗಾಡಿಗಳಿಗೆ ಹೊಸ ಬಗೆಯ ನಂಬರ್ ಪ್ಲೇಟ್, ಅದೇ ಎಚ್‌ಎಸ್‌ಆರ್‌ಪಿ, ಹಾಕಿಸಬೇಕೆಂದು ಫರ್ಮಾನು ಬಂತಲ್ಲ? ಮೊದಲು 2023ರ ನವೆಂಬರ್ 17 ಕೊನೆಯ ದಿನ ಎಂದರು. ಆ ದಿನ ಬಂತು, ಜನ ಅಲ್ಲಾಡಲಿಲ್ಲ. ದಿನವೇ ಅಲ್ಲಾಡಿ 2024ರ ಫೆಬ್ರವರಿ 17ಕ್ಕೆ ಹೋಯಿತು. ಅಲ್ಲಿಂದ ಮೇ 31ಕ್ಕೆ. ಅಲ್ಲಿಂದಲೂ ಮುಂದೆ. ಮೊದಲನೆಯ ಗಡುವಿಗೇ ಓಡಿ ಹೋಗಿ, ಸರ್ವರ್ ಜೊತೆ ಗುದ್ದಾಡಿ ಪ್ಲೇಟ್ ಹಾಕಿಸಿಕೊಂಡ ಸಜ್ಜನರನ್ನು ನೆರೆಹೊರೆಯವರು ಪೆದ್ದರನ್ನು ನೋಡುವ ಹಾಗೆ ನೋಡಿದರು. ‘ಏನ್ರೀ, ಇಷ್ಟು ಬೇಗ ಹಾಕಿಸಿಬಿಟ್ರಾ?’ ಹೇಳಿದ ದಿನಕ್ಕೆ ಹೇಳಿದ ಕೆಲಸ ಮಾಡಿದವನಿಗೆ ನಮ್ಮಲ್ಲಿ ಸಿಗುವ ಬಿರುದು ಇದೇ. ಪ್ಯಾನ್ ಮತ್ತು ಆಧಾರ್ ಜೋಡಿಸುವ ಕೆಲಸವಂತೂ 2017ರಿಂದ ಗಡುವಿನ ಮೇಲೆ ಗಡುವು ದಾಟಿಕೊಂಡು 2023ರ ಜೂನ್ 30ರವರೆಗೆ ನಡೆಯಿತು. ಎರಡು ನಂಬರುಗಳನ್ನು ಜೋಡಿಸುವುದಕ್ಕೆ ಹಿಡಿದಷ್ಟು ಕಾಲದಲ್ಲಿ ಒಂದು ಮಗು ಹುಟ್ಟಿ ಒಂದನೇ ಕ್ಲಾಸಿಗೆ ಸೇರಿಬಿಡುತ್ತದೆ.

ಎಲ್ಲಕ್ಕಿಂತ ಸೊಗಸಾದದ್ದು 2025ರ ಆದಾಯ ತೆರಿಗೆಯ ಪ್ರಸಂಗ. ರಿಟರ್ನ್ ಸಲ್ಲಿಸಲು ಜುಲೈ 31 ಕೊನೆ ಎಂಬುದು ವಾಡಿಕೆ. ಆ ವರ್ಷ ಮೇ ತಿಂಗಳಲ್ಲೇ ಅದನ್ನು ಸೆಪ್ಟೆಂಬರ್ 15ಕ್ಕೆ ಮುಂದೂಡಿದರು. ಸೆಪ್ಟೆಂಬರ್ 15 ಯಾವ ದಿನ? ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟುಹಬ್ಬ, ದೇಶಕ್ಕೇ ಎಂಜಿನಿಯರುಗಳ ದಿನ. ಸಮಯಪಾಲನೆಗೆ ಇನ್ನೊಂದು ಹೆಸರೆಂದು ನಾವು ಮಕ್ಕಳಿಗೆ ಹೇಳಿಕೊಡುವುದು ಅವರನ್ನೇ. ಅಂಥ ಮಹನೀಯರ ಜಯಂತಿಯ ದಿನವಾದರೂ ಕೊನೆ ಎಂಬುದು ಕೊನೆಯಾಗಿ ನಿಲ್ಲಬೇಕಿತ್ತಲ್ಲವೇ? ಆ ರಾತ್ರಿ ಬಹಳ ತಡವಾಗಿ ಪ್ರಕಟಣೆ ಹೊರಬಿತ್ತು: ಇನ್ನೂ ಒಂದು ದಿನ, ಸೆಪ್ಟೆಂಬರ್ 16. ಒಂದೂವರೆ ತಿಂಗಳು ಹೆಚ್ಚಿಗೆ ಕೊಟ್ಟರೂ ಸಾಲದೇ ಹೋದದ್ದು ಒಂದು ದಿನ!

ಈಗ ಮುಖ್ಯ ಅತಿಥಿಗಳ ಕಡೆ ಬರೋಣ. ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟು. ಒಂದು ಬ್ಯಾಚಿಗೆ ನಾಲ್ಕು ಜನ. ಒಬ್ಬ ಕೆಲಸ ಮಾಡುವವನು. ಇನ್ನೊಬ್ಬ ‘ಎಲ್ಲಿಗೆ ಬಂತು?’ ಎಂದು ಕೇಳುವವನು. ಮೂರನೆಯವನು ಪಿಪಿಟಿಗೆ ಬಣ್ಣ ಹಚ್ಚುವವನು. ನಾಲ್ಕನೆಯವನ ಇರವು ಮುಖಪುಟದ ಮೇಲಿನ ಯುಎಸ್‌ಎನ್ ನಂಬರಿನಿಂದ ಮಾತ್ರ ತಿಳಿಯುತ್ತದೆ. ಮೊದಲ ತಿಂಗಳು ವಿಷಯ ಹುಡುಕುವುದರಲ್ಲಿ ಹೋಗುತ್ತದೆ. ಎರಡನೆಯ ತಿಂಗಳು ಹುಡುಕಿದ ವಿಷಯವನ್ನು ಗೈಡ್ ಒಪ್ಪದಿರುವುದರಲ್ಲಿ. ಮೂರನೆಯ ತಿಂಗಳು ಕಾಲೇಜ್ ಫೆಸ್ಟು. ಆಮೇಲೆ ಇಂಟರ್ನಲ್ಸು. ಇಷ್ಟರ ನಡುವೆ ಒಂದು ಪುಟ ಮಾತ್ರ ಎಲ್ಲರಿಗಿಂತ ಮೊದಲು ಸಿದ್ಧವಾಗಿ ಕೂತಿರುತ್ತದೆ: ಅಕ್ನಾಲೆಡ್ಜ್‌ಮೆಂಟ್. ಪ್ರಾಂಶುಪಾಲರಿಗೆ ವಂದನೆ, ವಿಭಾಗದ ಮುಖ್ಯಸ್ಥರಿಗೆ ವಂದನೆ, ತಂದೆತಾಯಿಗೆ ವಂದನೆ, ಸ್ನೇಹಿತರಿಗೆ ವಂದನೆ. ‘ಈ ಕೆಲಸವನ್ನು ಯಶಸ್ವಿಯಾಗಿ ಪೂರ್ಣಗೊಳಿಸಲು ನೆರವಾದ’ ಎಂದು ಬರೆದದ್ದು ಓದಿದರೆ ಕಣ್ಣು ತುಂಬಿ ಬರುತ್ತದೆ. ಕೆಲಸ ಯಾವುದು ಎಂಬುದೊಂದು ಆಗ ಇನ್ನೂ ನಿಗದಿಯಾಗಿರುವುದಿಲ್ಲ.

ನಡುನಡುವೆ ರಿವ್ಯೂ ಎಂಬ ಕಂಟಕಗಳಿವೆ. ಮೊದಲ ರಿವ್ಯೂನಲ್ಲಿ ‘ಲಿಟರೇಚರ್ ಸರ್ವೆ ನಡೀತಿದೆ ಸಾರ್’. ಎರಡನೆಯದರಲ್ಲಿ ‘ಡಿಸೈನ್ ಆಗಿದೆ ಸಾರ್, ಇಂಪ್ಲಿಮೆಂಟೇಷನ್ ಒಂದೇ ಬಾಕಿ’. ಮದುವೆಗೆ ಎಲ್ಲ ಗೊತ್ತಾಗಿದೆ, ಹೆಣ್ಣೊಂದು ಬಾಕಿ ಎಂದ ಹಾಗೆ. ಗೈಡ್ ಪಾಪ ಮೂಗಿನ ತುದಿಗೆ ಕನ್ನಡಕ ಜಾರಿಸಿ ನೋಡುತ್ತಾರೆ. ಅವರಿಗೂ ಗೊತ್ತು. ಅವರ ಪಿಎಚ್‌ಡಿ ಮುಗಿಯುವುದೂ ಎರಡು ವರ್ಷದಿಂದ ಬಾಕಿ ಇದೆ. ಕಳ್ಳರಿಬ್ಬರು ಕತ್ತಲಲ್ಲಿ ಎದುರಾದರೆ ಯಾರು ಯಾರಿಗೆ ‘ಯಾರಲ್ಲಿ?’ ಎನ್ನುವುದು?

ಕೊನೆಗೆ ಸಬ್‌ಮಿಷನ್ನಿನ ಹಿಂದಿನ ರಾತ್ರಿ. ಆ ರಾತ್ರಿ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯನ್ನು ನೀವು ನೋಡಬೇಕು. ಅಂಗಡಿಯವನೇ ಆ ಹೊತ್ತಿನ ಕುಲಪತಿ. ‘ಅಣ್ಣಾ, ನಾಲ್ಕು ಕಾಪಿ, ಹಾರ್ಡ್ ಬೈಂಡಿಂಗ್, ಗೋಲ್ಡನ್ ಲೆಟರು, ಬೆಳಿಗ್ಗೆ ಒಂಬತ್ತಕ್ಕೆ ಬೇಕು.’ ಅವನು ತಲೆ ಎತ್ತುವುದಿಲ್ಲ. ‘ಬೈಂಡಿಂಗಿಗೆ ಎರಡು ದಿನ ಆಗುತ್ತೆ.’ ‘ಅಣ್ಣಾ ಪ್ಲೀಸ್ ಅಣ್ಣಾ!’ ಗೈಡ್ ಎದುರು ಬಗ್ಗದ ಕತ್ತು ಇಲ್ಲಿ ನೆಲ ಮುಟ್ಟುತ್ತದೆ. ಅಷ್ಟರಲ್ಲಿ ಯಾರೋ ಕಿರುಚುತ್ತಾರೆ, ನಲವತ್ತನೆಯ ಪುಟದಿಂದ ಪುಟಸಂಖ್ಯೆ ತಪ್ಪಿದೆ. ಇನ್ನೊಬ್ಬನ ಪೆನ್‌ಡ್ರೈವಿನಲ್ಲಿ ವೈರಸ್ಸು. ಮತ್ತೊಬ್ಬರ ರಿಪೋರ್ಟಿನಲ್ಲಿ ಹಳೆಯ ಬ್ಯಾಚಿನವರ ಹೆಸರು ಹಾಗೇ ಉಳಿದಿದೆ. ಈ ಗದ್ದಲದಲ್ಲಿ ಅಂಗಡಿಯವನು ಮಾತ್ರ ಶಾಂತ. ವರ್ಷ ವರ್ಷ ಇದೇ ವಾರದಲ್ಲಿ ಇದೇ ಗದ್ದಲ ಬರುತ್ತದೆ ಎಂದು ಅವನಿಗೆ ಗೊತ್ತು. ಕಾಗದದ ರೀಮು, ಟೋನರು, ರೆಕ್ಸಿನ್ ಎಲ್ಲ ತಿಂಗಳ ಮೊದಲೇ ತಂದಿಟ್ಟುಕೊಂಡಿದ್ದಾನೆ. ಆ ಇಡೀ ಆವರಣದಲ್ಲಿ ಟೈಮ್ ಮ್ಯಾನೇಜ್‌ಮೆಂಟ್ ಬಲ್ಲವನು ಅವನೊಬ್ಬ. ಅವನು ಅದರ ಮೇಲೆ ಯಾವ ಕೋರ್ಸನ್ನೂ ಮಾಡಿಲ್ಲ.

ಇದು ಇಪ್ಪತ್ತೊಂದರ ವಯಸ್ಸಿನಲ್ಲಿ ದಿಢೀರನೆ ಬರುವ ಕಾಯಿಲೆ ಎಂದುಕೊಳ್ಳಬೇಡಿ. ಬೀಜ ಬಿದ್ದದ್ದು ಪ್ರೈಮರಿ ಸ್ಕೂಲಿನಲ್ಲಿ. ರಾತ್ರಿ ಒಂಬತ್ತೂವರೆ. ಊಟ ಆಗಿದೆ, ಪಾತ್ರೆ ತೊಳೆದಾಗಿದೆ, ಅಮ್ಮ ಈಗಷ್ಟೇ ಬೆನ್ನು ನೆಲಕ್ಕೆ ಆನಿಸಿದ್ದಾಳೆ. ಆಗ ಪುತ್ರರತ್ನ ಹೇಳುತ್ತಾನೆ: ‘ಅಮ್ಮಾ, ನಾಳೆ ಸೈನ್ಸ್ ಮಾಡೆಲ್ ತಗೊಂಡು ಹೋಗ್ಬೇಕಂತೆ.’ ಮಿಸ್ಸು ಹೇಳಿ ಮೂರು ವಾರವಾಗಿರುತ್ತದೆ. ಆಮೇಲೆ ಏನಾಗುತ್ತದೆಂದು ನಿಮಗೆ ಗೊತ್ತು. ಅಪ್ಪ ಚಡ್ಡಿಯಲ್ಲೇ ಸ್ಕೂಟರ್ ಏರಿ, ಅರ್ಧ ಶಟರ್ ಇಳಿದ ಸ್ಟೇಷನರಿ ಅಂಗಡಿಗೆ ನುಗ್ಗಿ ಥರ್ಮೋಕೋಲ್, ಫೆವಿಕಾಲ್, ಹಸಿರು ಬಣ್ಣದ ಮರದ ಪುಡಿ ತರುತ್ತಾನೆ. ಅಮ್ಮ ಸೋಡಾಪುಡಿ, ವಿನಿಗರ್ ಹುಡುಕುತ್ತಾಳೆ. ಮಧ್ಯರಾತ್ರಿ ಅಡುಗೆಮನೆಯಲ್ಲಿ ಜ್ವಾಲಾಮುಖಿ ಸಿಡಿಯುತ್ತದೆ, ಎರಡು ನಮೂನೆಯದ್ದು. ಮಗ ಮಾತ್ರ ಹತ್ತಕ್ಕೇ ನಿದ್ದೆ. ಮಾರನೆಯ ದಿನ ಅವನಿಗೆ ಎ ಪ್ಲಸ್. ಮಗು ಕಲಿತ ಪಾಠ ಜ್ವಾಲಾಮುಖಿಯದ್ದಲ್ಲ. ಕೆಲಸವನ್ನು ಸಾಕಷ್ಟು ತಡಮಾಡಿದರೆ ಅದು ಬೇರೆಯವರದ್ದಾಗುತ್ತದೆ ಎಂಬ ಪಾಠ. ಮುಂದೆ ಮ್ಯಾನೇಜರ್ ಆಗಲು ಇಷ್ಟು ಸಾಕು.

ಆಫೀಸಿನಲ್ಲಿ ಇದೇ ರೋಗಕ್ಕೆ ಇಸ್ತ್ರಿ ಹಾಕಿದ ಅಂಗಿ ತೊಡಿಸಿರುತ್ತಾರೆ. ಬೆಳಿಗ್ಗೆ ಸ್ಟ್ಯಾಂಡ್‌ಅಪ್ ಮೀಟಿಂಗು. ‘ಎಷ್ಟಾಯಿತು?’ ‘ತೊಂಬತ್ತು ಪರ್ಸೆಂಟ್ ಆಗಿದೆ.’ ಮುಂದಿನ ವಾರ ಕೇಳಿ, ಆಗಲೂ ತೊಂಬತ್ತು. ತಿಂಗಳು ಬಿಟ್ಟು ಕೇಳಿ, ತೊಂಬತ್ತೆರಡು. ಅಮೆರಿಕದ ಬೆಲ್ ಲ್ಯಾಬ್ಸಿನ ಟಾಮ್ ಕಾರ್ಗಿಲ್ ಎಂಬಾತ ಇದಕ್ಕೊಂದು ಸೂತ್ರವನ್ನೇ ಕಟ್ಟಿಬಿಟ್ಟಿದ್ದಾನೆ. ಪ್ರೋಗ್ರಾಮಿನ ಮೊದಲ ತೊಂಬತ್ತು ಭಾಗಕ್ಕೆ ಕಾಲದ ತೊಂಬತ್ತು ಭಾಗ ಹಿಡಿಯುತ್ತದಂತೆ, ಉಳಿದ ಹತ್ತಕ್ಕೆ ಇನ್ನೊಂದು ತೊಂಬತ್ತು. ಕೂಡಿಸಿದರೆ ನೂರಾ ಎಂಬತ್ತು. ನಗಬೇಡಿ, ನಿಮ್ಮ ಮನೆ ಕಟ್ಟಿದ ಮೇಸ್ತ್ರಿಯ ಲೆಕ್ಕವೂ ಇದೇ ಅಲ್ಲವೇ? ‘ಎಲ್ಲ ಆಯ್ತು ಸಾರ್, ಫಿನಿಷಿಂಗ್ ಒಂದೇ’ ಎಂದು ಅವನು ಹೇಳಿದ ದಿನ ನೀವು ಗೃಹಪ್ರವೇಶದ ಕಾರ್ಡು ಅಚ್ಚಿಗೆ ಕೊಟ್ಟಿದ್ದರೆ, ನೆಂಟರು ಹೊಸ ಮನೆಯಲ್ಲಿ ನಲ್ಲಿ ಇಲ್ಲದ ಬಚ್ಚಲನ್ನು ನೋಡಿಯೇ ಹೋಗಿರುತ್ತಾರೆ.

ಇದನ್ನೆಲ್ಲ ಸೋಮಾರಿತನ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರಿದ್ದಾರೆ. ಅಷ್ಟು ಸುಲಭವಲ್ಲ. ಕೆನಡಾದಲ್ಲಿ ಬ್ಯೂಲರ್, ಗ್ರಿಫಿನ್, ರಾಸ್ ಎಂಬ ಮೂವರು ಮನೋವಿಜ್ಞಾನಿಗಳು ಪ್ರಬಂಧ ಬರೆಯುತ್ತಿದ್ದ ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಹಿಡಿದು ಕೇಳಿದರು, ಎಷ್ಟು ದಿನದಲ್ಲಿ ಮುಗಿಸುತ್ತೀರಿ ಎಂದು. ಸರಾಸರಿ ಉತ್ತರ ಸುಮಾರು 34 ದಿನ. ಆಯಿತಪ್ಪಾ, ಕೆಡಬಹುದಾದ್ದೆಲ್ಲ ಕೆಟ್ಟರೆ? ಸುಮಾರು 49 ದಿನ ಎಂದರು. ನಿಜವಾಗಿ ಹಿಡಿದದ್ದು ಸರಾಸರಿ 55 ದಿನಕ್ಕೂ ಮಿಕ್ಕಿ. 1994ರಲ್ಲಿ ಇದು ಅಚ್ಚಾಯಿತು. ಅಂದರೆ, ಮನುಷ್ಯನಿಗೆ ತನ್ನ ಕೆಟ್ಟ ಕನಸಿನಲ್ಲೂ ಒಳ್ಳೆಯದೇ ಕಾಣುತ್ತದೆ. ಜ್ವರ ಬರಬಹುದು, ಕರೆಂಟ್ ಹೋಗಬಹುದು, ಅತ್ತಿಗೆಯ ತಂಗಿಯ ಸೀಮಂತ ಬರಬಹುದು, ಎಲ್ಲವನ್ನೂ ಲೆಕ್ಕ ಹಾಕಿದ ಮೇಲೂ ವಾರ ಸಾಲದೆ ಬರುತ್ತದೆ. ಪಕ್ಕದವನು ಎಷ್ಟು ದಿನ ಮಾಡುತ್ತಾನೆ ಎಂದು ಕೇಳಿ ನೋಡಿ, ಆಗ ನಮ್ಮ ಲೆಕ್ಕಕ್ಕೆ ತಟ್ಟನೆ ಕಣ್ಣು ಬರುತ್ತದೆ: ‘ಅವನಾ? ಈ ಜನ್ಮದಲ್ಲಿ ಮುಗಿಸಲ್ಲ ಬಿಡಿ.’

ಹಾಗಿದ್ದರೆ ಕಾಲ ಹೆಚ್ಚು ಕೊಟ್ಟರೆ ಸರಿಹೋಗುತ್ತದೆಯೇ? ಅದೂ ಇಲ್ಲ. ಸಿ. ನಾರ್ತ್‌ಕೋಟ್ ಪಾರ್ಕಿನ್‌ಸನ್ ಎಂಬ ಇಂಗ್ಲಿಷಿನವನು 1955ರಲ್ಲಿ ‘ದಿ ಎಕನಾಮಿಸ್ಟ್’ ಪತ್ರಿಕೆಯಲ್ಲಿ ಕುಚೋದ್ಯದ ಒಂದು ಲೇಖನ ಬರೆದ. ಕೊಟ್ಟ ಕಾಲ ತುಂಬುವವರೆಗೂ ಕೆಲಸ ಉಬ್ಬುತ್ತದೆ ಎಂಬುದು ಅವನ ನಿಯಮ. ಅದಕ್ಕೆ ಅವನು ಕೊಟ್ಟ ಸಾಕ್ಷಿ ಒಬ್ಬ ಬಿಡುವಾದ ಅಜ್ಜಿ. ತಂಗಿಯ ಮಗಳಿಗೋ ಅಣ್ಣನ ಮಗಳಿಗೋ ಒಂದು ಕಾರ್ಡು ಬರೆದು ಹಾಕಲು ಅಜ್ಜಿಗೆ ಇಡೀ ದಿನ ಹಿಡಿಯುತ್ತದೆ. ಕಾರ್ಡು ಹುಡುಕಬೇಕು, ಕನ್ನಡಕ ಹುಡುಕಬೇಕು, ವಿಳಾಸ ಹುಡುಕಬೇಕು, ಅಂಚೆಪೆಟ್ಟಿಗೆಯವರೆಗೆ ಹೋಗುವಾಗ ಕೊಡೆ ಬೇಕೋ ಬೇಡವೋ ಎಂದು ಯೋಚಿಸಬೇಕು. ಕೆಲಸದ ಗಡಿಬಿಡಿಯವನು ಅದನ್ನೇ ಮೂರು ನಿಮಿಷದಲ್ಲಿ ಮುಗಿಸುತ್ತಾನೆ. ಆರು ತಿಂಗಳು ಕೊಟ್ಟ ಪ್ರಾಜೆಕ್ಟಿನ ಐದೂವರೆ ತಿಂಗಳು ಎಲ್ಲಿ ಹೋಯಿತೆಂದು ಈಗ ತಿಳಿಯಿತೇ? ಕೊಡೆ ಬೇಕೋ ಬೇಡವೋ ಎಂಬುದರಲ್ಲಿ ಹೋಯಿತು.

ನಮ್ಮ ಪುರಾಣಗಳಂತೂ ವಾಯಿದೆಯ ತಕರಾರಿನಿಂದಲೇ ತುಂಬಿವೆ. ಪಾಂಡವರಿಗೆ ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ. ಗೋಗ್ರಹಣದಲ್ಲಿ ಅರ್ಜುನ ಬಯಲಿಗೆ ಬಂದದ್ದೇ ತಡ, ದುರ್ಯೋಧನ ಥೇಟ್ ಆಡಿಟರಿನಂತೆ ಎದ್ದು ನಿಂತ: ಅವಧಿ ಮುಗಿದಿಲ್ಲ, ಮತ್ತೆ ಕಾಡಿಗೆ ಹೋಗಲಿ! ಭೀಷ್ಮರು ಪಂಚಾಂಗ ಬಿಚ್ಚಬೇಕಾಯಿತು. ಐದು ವರ್ಷಕ್ಕೆ ಎರಡು ಅಧಿಕಮಾಸ. ಹಾಗೆ ಲೆಕ್ಕ ಹಾಕಿದರೆ ಹದಿಮೂರು ವರ್ಷಕ್ಕೆ ಐದು ತಿಂಗಳು ಹನ್ನೆರಡು ರಾತ್ರಿ ಹೆಚ್ಚೇ ಆಗಿದೆ ಎಂದು ತೀರ್ಪು ಕೊಟ್ಟರು. ದುರ್ಯೋಧನ ಒಪ್ಪಿದನೇ? ಡೇಟಿನ ಜಗಳದಲ್ಲಿ ಸೋತವರು ಯಾರು ತಾನೇ ಒಪ್ಪಿದ್ದಾರೆ? ಇನ್ನು ಸೈಂಧವನ ಕಥೆ. ನಾಳೆ ಸೂರ್ಯ ಮುಳುಗುವುದರೊಳಗೆ ಅವನನ್ನು ಕೊಲ್ಲದಿದ್ದರೆ ಬೆಂಕಿಗೆ ಬೀಳುತ್ತೇನೆಂದು ಅರ್ಜುನ ಶಪಥ ಮಾಡಿ ಕೂತ, ತಂಡದಲ್ಲಿ ಯಾರನ್ನೂ ಕೇಳದೆ. ಕೊನೆಗೆ ಕೃಷ್ಣ ಸೂರ್ಯನನ್ನೇ ಮರೆಮಾಡಿ, ಗಡುವು ಮುಗಿಯಿತೆಂದು ಸೈಂಧವ ತಲೆ ಹೊರಹಾಕುವಂತೆ ಮಾಡಬೇಕಾಯಿತು. ತಾನೊಬ್ಬನೇ ಡೆಡ್‌ಲೈನ್ ಒಪ್ಪಿಕೊಂಡು ಬರುವ ಟೀಮ್ ಲೀಡರುಗಳೇ, ನಿಮ್ಮ ಹತ್ತಿರ ಕೃಷ್ಣ ಇದ್ದಾನೆಯೇ ಎಂದು ಮೊದಲು ನೋಡಿಕೊಳ್ಳಿ.

ಆ ಮಹಾಭಾರತ ಬರೆದ ಕಥೆಯೂ ಗಡುವಿನದ್ದೇ. ಲೇಖಣಿ ನಿಲ್ಲಬಾರದು, ನಿಂತರೆ ಎದ್ದು ಹೋಗುತ್ತೇನೆ ಎಂದ ಗಣಪತಿ. ಅರ್ಥ ತಿಳಿಯದೆ ಬರೆಯಕೂಡದು ಎಂದರು ವ್ಯಾಸರು. ಮುಂದಿನ ಶ್ಲೋಕ ಹೊಳೆಯದಾಗ ನಡುವೆ ಒಂದು ಗಂಟುಗಂಟಾದ ಶ್ಲೋಕ ಬಿಡುವುದು. ಗಣಪತಿ ಅದರ ಅರ್ಥಕ್ಕೆ ತಲೆ ಕೆರೆದುಕೊಳ್ಳುವಷ್ಟರಲ್ಲಿ ಇವರು ಮುಂದಿನದನ್ನು ಕಟ್ಟಿಕೊಳ್ಳುವುದು. ಶುಕ್ರವಾರ ಸಂಜೆ ಐದಕ್ಕೆ ಕ್ಲೈಂಟಿಗೆ ‘ನಿಮ್ಮ ರಿಕ್ವೈರ್‌ಮೆಂಟಿನಲ್ಲಿ ಒಂದು ಸಣ್ಣ ಸಂದೇಹ’ ಎಂದು ಮೇಲ್ ಹಾಕಿ ಶನಿವಾರ, ಭಾನುವಾರ ಗಿಟ್ಟಿಸಿಕೊಳ್ಳುವ ಸಾಫ್ಟ್‌ವೇರ್ ಎಂಜಿನಿಯರು ತಾನೊಂದು ಹೊಸ ವಿದ್ಯೆ ಕಂಡುಹಿಡಿದೆ ಎಂದುಕೊಂಡಿದ್ದಾನೆ. ಅದು ವ್ಯಾಸಪ್ರಣೀತ.

ನಮ್ಮ ಕವಿಗಳ ಕಡೆ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಪಂಪ ಆದಿಪುರಾಣವನ್ನು ಮೂರು ತಿಂಗಳಲ್ಲಿ, ವಿಕ್ರಮಾರ್ಜುನ ವಿಜಯವನ್ನು ಆರು ತಿಂಗಳಲ್ಲಿ ಮುಗಿಸಿದೆನೆಂದು ತಾನೇ ಹೇಳಿಕೊಂಡಿದ್ದಾನೆ. ಒಂದು ಸೆಮಿಸ್ಟರಿನಲ್ಲಿ ಇಡೀ ಭಾರತ! ಗದುಗಿನ ಕುಮಾರವ್ಯಾಸನದ್ದು ಇನ್ನೂ ಬಿಗಿಯಾದ ಏರ್ಪಾಡು. ಮಿಂದು, ಒದ್ದೆ ಬಟ್ಟೆಯಲ್ಲೇ ವೀರನಾರಾಯಣನ ಗುಡಿಯ ಕಂಬದ ಬಳಿ ಕೂತರೆ ಬಟ್ಟೆ ಆರುವವರೆಗೆ ಕಾವ್ಯ ಹರಿಯುತ್ತಿತ್ತು, ಆರಿತೋ ನಿಂತಿತು ಎಂದು ಐತಿಹ್ಯ. ಉತ್ತರ ಕರ್ನಾಟಕದ ಬಿಸಿಲಿನಲ್ಲಿ ಪಂಚೆ ಆರಲು ಎಷ್ಟು ಹೊತ್ತು ಬೇಕು, ನೀವೇ ಹೇಳಿ. ಅಷ್ಟರಲ್ಲಿ ಹತ್ತು ಪರ್ವ ಬರೆದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಮುಗಿಸಿಕೊಟ್ಟ. ಪ್ರಾಜೆಕ್ಟ್ ಹ್ಯಾಂಡೋವರ್ ಎಂದರೆ ಇದು. ನಮಗೋ ಹವಾನಿಯಂತ್ರಿತ ಕೋಣೆ, ತಿರುಗುವ ಕುರ್ಚಿ, ಬಟ್ಟೆ ಸದಾ ಒಣಗಿಯೇ ಇರುತ್ತದೆ. ಬರಹ ಹರಿಯುವುದಾದರೂ ಹೇಗೆ?

ಇಷ್ಟು ಹೇಳಿದಾಗ ಬುದ್ಧಿವಂತ ವಿದ್ಯಾರ್ಥಿಯೊಬ್ಬ ಏಳುತ್ತಾನೆ. ‘ಸಾರ್, ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಮೊದಲ ಸಂಪುಟ 1970ರಲ್ಲಿ ಬಂತು, ಎಂಟನೆಯದು 1995ರಲ್ಲಿ. ಒಳ್ಳೆಯ ಕೆಲಸಕ್ಕೆ ಟೈಮ್ ಬೇಕಲ್ವಾ ಸಾರ್?’ ಬೇಕಪ್ಪಾ, ಬೇಕು. ಆದರೆ ಆ ಇಪ್ಪತ್ತೈದು ವರ್ಷವೂ ಅಲ್ಲಿ ಒಂದೊಂದು ಪದಕ್ಕೂ ಶಾಸನದಿಂದ, ಕಾವ್ಯದಿಂದ ಪ್ರಯೋಗ ಹುಡುಕಿ ಕೂಡಿಸಿ ಇಡುತ್ತಿದ್ದರು. ಅದರ ಪ್ರಧಾನ ಸಂಪಾದಕರಾಗಿ ದುಡಿದ ಜಿ. ವೆಂಕಟಸುಬ್ಬಯ್ಯನವರು 107 ವರ್ಷ ಬದುಕಿ, ಕೊನೆಯವರೆಗೂ ಪದಗಳ ಹಿಂದೆಯೇ ಇದ್ದರು. ನಿನ್ನದು ಹಾಗಲ್ಲ. ನಿನ್ನ ಐದು ತಿಂಗಳಲ್ಲಿ ನಡೆದದ್ದು ಫೋಲ್ಡರಿಗೆ ‘ಫೈನಲ್’, ಆಮೇಲೆ ‘ಫೈನಲ್ ಫೈನಲ್’, ಆಮೇಲೆ ‘ಫೈನಲ್ ಇದೇ’ ಎಂದು ಹೆಸರಿಟ್ಟದ್ದು ಮಾತ್ರ. ಕೂತುಕೋ.

ಈಗ ನನ್ನ ತಕರಾರು ಕೇಳಿ. ನಮ್ಮ ಜನಕ್ಕೆ ಸಮಯಪ್ರಜ್ಞೆ ಇಲ್ಲ ಎನ್ನುತ್ತಾರಲ್ಲ, ಅದು ಹಸಿ ಸುಳ್ಳು. ಬೆಂಗಳೂರಿನ ಪಾಟರಿ ಟೌನಿನಲ್ಲಿ ಗಣೇಶನ ಮೂರ್ತಿ ಮಾಡುವವರು ಯಾವತ್ತಾದರೂ ‘ಈ ಸಲ ಮಣ್ಣು ಸರಿಯಾಗಿ ಸಿಗಲಿಲ್ಲ, ಚೌತಿಯನ್ನು ಪಂಚಮಿಗೆ ಇಟ್ಟುಕೊಳ್ಳಿ’ ಎಂದದ್ದು ಕೇಳಿದ್ದೀರಾ? ಮದುವೆ ಮನೆಯ ಅಡುಗೆ ಭಟ್ಟರು ‘ಪಾಯಸ ತೊಂಬತ್ತು ಪರ್ಸೆಂಟ್ ಆಗಿದೆ, ಎಲೆ ಮೇಲೆ ಕೂತಿರಿ’ ಎಂದಿದ್ದಾರೆಯೇ? ಒಂಬತ್ತು ಗಂಟೆ ಹನ್ನೆರಡು ನಿಮಿಷದೊಳಗೆ ಮಾಂಗಲ್ಯಧಾರಣೆ ಎಂದರೆ ಮುಗಿಯಿತು. ಓಲಗದವರು, ಪುರೋಹಿತರು, ಮೇಕಪ್ಪಿನವರು, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಸೋದರಮಾವ, ಎಲ್ಲರೂ ಹೇಗೋ ಹೊಂದಿಕೊಂಡು ಆ ಗಳಿಗೆಗೆ ಸರಿಯಾಗಿ ಗಟ್ಟಿಮೇಳ ಮೊಳಗಿಸುತ್ತಾರೆ. ಮದುಮಗ ಆಫೀಸಿನಲ್ಲಿ ಒಂದು ರಿಪೋರ್ಟನ್ನೂ ಹೊತ್ತಿಗೆ ಸರಿಯಾಗಿ ಕೊಟ್ಟವನಲ್ಲ. ಆದರೂ ಅವತ್ತು ಬೆಳಿಗ್ಗೆ ನಾಲ್ಕಕ್ಕೆ ಎದ್ದಿದ್ದಾನೆ.

ಏನು ವ್ಯತ್ಯಾಸ? ಮುಹೂರ್ತಕ್ಕೆ ಎಕ್ಸ್‌ಟೆನ್ಷನ್ ಇಲ್ಲ. ದಂಡ ಸಹಿತ ಮುಹೂರ್ತ ಎಂಬುದು ಪಂಚಾಂಗದಲ್ಲಿ ಇಲ್ಲ. ಯಾವ ಗಡುವು ಜಾರುವುದಿಲ್ಲವೋ ಅದನ್ನು ನಾವು ತಪ್ಪಿಸುವುದಿಲ್ಲ. ಯಾವುದು ಜಾರುತ್ತದೆಂದು ಗೊತ್ತೋ ಅದನ್ನು ಮುಟ್ಟುವುದಿಲ್ಲ. ಇದು ಸೋಮಾರಿತನವಲ್ಲ, ಶುದ್ಧ ವ್ಯವಹಾರಜ್ಞಾನ. ಯಾವ ದೇವರು ಕಣ್ಣು ಬಿಡುತ್ತದೆ, ಯಾವುದು ಬಿಡುವುದಿಲ್ಲ ಎಂದು ಭಕ್ತರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸುವ ವಿದ್ಯೆ ಕಲಿಯಬೇಕಾದರೆ ಮ್ಯಾನೇಜ್‌ಮೆಂಟ್ ಪುಸ್ತಕ ಬೇಡ, ಮೈಸೂರಿಗೆ ಹೋಗಿ ದಸರಾ ಆನೆಗಳನ್ನು ನೋಡಿ. ವಿಜಯದಶಮಿಯ ದಿನ 750 ಕಿಲೋ ತೂಕದ ಅಂಬಾರಿ ಹೊರಬೇಕು. ಆನೆ ಹಿಂದಿನ ರಾತ್ರಿ ಬಂದು ‘ಅಣ್ಣಾ ಪ್ಲೀಸ್’ ಎನ್ನುವುದಿಲ್ಲ. ಎಷ್ಟೋ ವಾರ ಮೊದಲೇ ಗಜಪಯಣ ಹೊರಟು ಬಂದು ಅರಮನೆಯ ಅಂಗಳದಲ್ಲಿ ಬೀಡುಬಿಡುತ್ತದೆ. ಮೊದಲು ಬರಿ ಮೈಯಲ್ಲಿ ನಡಿಗೆ. ಆಮೇಲೆ ಬೆನ್ನ ಮೇಲೆ ಮರಳಿನ ಮೂಟೆ, ದಿನ ಕಳೆದಂತೆ ಭಾರ ಹೆಚ್ಚು. ನಡುವೆ ಕುಶಾಲತೋಪಿನ ಸದ್ದಿಗೆ ಬೆಚ್ಚದಿರುವ ತಾಲೀಮು. ಆಮೇಲೆ ಮರದ ಅಂಬಾರಿ. ಕೊನೆಯ ದಿನ ಚಿನ್ನದ ಅಂಬಾರಿ ಬೆನ್ನಿಗೇರಿದಾಗ ಆನೆಗೆ ಅದು ಹೊಸ ಭಾರವಲ್ಲ, ನಿನ್ನೆಯದಕ್ಕಿಂತ ಒಂದಿಷ್ಟು ಜಾಸ್ತಿ ಅಷ್ಟೇ. ಇನ್ನೊಂದು ಮಾತು. 2020ರಲ್ಲಿ ಕೊರೊನಾ ಬಂದು ಲೋಕವೇ ನಿಂತಾಗ ದಸರಾ ಮುಂದಕ್ಕೆ ಹೋಯಿತೇ? ಇಲ್ಲ. ಜಂಬೂಸವಾರಿ ಬನ್ನಿಮಂಟಪದವರೆಗೆ ಹೋಗದೆ ಅರಮನೆಯ ಆವರಣದೊಳಗೇ, ಕೆಲವೇ ಜನರ ಎದುರು ನಡೆಯಿತು. ದಾರಿ ಕಡಿಮೆಯಾಯಿತು, ದಿನ ಬದಲಾಗಲಿಲ್ಲ.

ಇಡೀ ವಿದ್ಯೆಯ ತಿರುಳು ಇಷ್ಟೇ. ಕೆಲಸ ಹಿಂದೆ ಬಿದ್ದಿತೋ, ದಿನವನ್ನು ಮುಂದೆ ತಳ್ಳಬೇಡಿ, ಕೆಲಸವನ್ನು ಗಿಡ್ಡ ಮಾಡಿ. ಹತ್ತು ಅಧ್ಯಾಯ ಎಂದುಕೊಂಡಿದ್ದರೆ ಆರು ಬರೆಯಿರಿ, ಆದರೆ ಆ ಆರನ್ನು ಹೇಳಿದ ದಿನಕ್ಕೆ ಕೊಡಿ. ನಿಮ್ಮ ಲೆಕ್ಕಕ್ಕೆ 34 ದಿನ ಸಾಕೆನಿಸಿದರೆ ಕಣ್ಣು ಮುಚ್ಚಿ 55 ಎಂದು ಬರೆದುಕೊಳ್ಳಿ. ಅಥವಾ ನಿಮ್ಮನ್ನು ಚೆನ್ನಾಗಿ ಬಲ್ಲ, ನಿಮ್ಮ ಮೇಲೆ ಮರ್ಯಾದೆಯಿಲ್ಲದ ಸ್ನೇಹಿತನೊಬ್ಬನಿಂದ ಅಂದಾಜು ಮಾಡಿಸಿ. ಕೊನೆಯ ದಿನ ಒಂದೇ ಇಟ್ಟುಕೊಂಡರೆ ಅದು ಮಾತ್ರ ಕಾಣುತ್ತದೆ. ನಡುವೆ ವಾರಕ್ಕೊಂದು ಮರಳಿನ ಮೂಟೆ ಇಟ್ಟುಕೊಳ್ಳಿ. ಆ ಮೂಟೆ ನಿಮ್ಮ ಡೈರಿಯಲ್ಲಿ ಇದ್ದರೆ ಸಾಲದು, ಅದನ್ನು ಕೇಳಿ ಇಸಿದುಕೊಳ್ಳುವ ಒಬ್ಬ ಮನುಷ್ಯ ಬೇಕು. ಹರಿಶ್ಚಂದ್ರನ ಬೆನ್ನು ಹತ್ತಿದ ನಕ್ಷತ್ರಿಕನನ್ನು ನಾವು ಸುಮ್ಮನೆ ಬೈಯುತ್ತೇವೆ. ಅವನಿಲ್ಲದಿದ್ದರೆ ಸಾಲ ತೀರುತ್ತಿತ್ತೇ? ಪ್ರತಿ ಪ್ರಾಜೆಕ್ಟಿಗೂ ಒಬ್ಬ ನಕ್ಷತ್ರಿಕನನ್ನು ನೀವೇ ನೇಮಿಸಿಕೊಳ್ಳಿ. ಸಂಬಳ ಕೊಡಬೇಕಾಗಿಲ್ಲ, ಹಾಸ್ಟೆಲಿನ ರೂಮ್‌ಮೇಟ್ ಆದೀತು, ಹೆಂಡತಿಯಾದರೆ ಇನ್ನೂ ಒಳ್ಳೆಯದು.

ಗಡುವು ಕೊಡುವ ಮಹನೀಯರಿಗೂ ಒಂದು ವಿನಂತಿ. ಪ್ರಾಂಶುಪಾಲರೇ, ಮ್ಯಾನೇಜರುಗಳೇ, ಸರ್ಕಾರದವರೇ, ದಿನ ಒಂದೇ ಅಚ್ಚು ಹಾಕಿ. ಅದು ಸಾಲದೆನಿಸಿದರೆ ಮೊದಲೇ ಧಾರಾಳವಾಗಿ ಕೊಡಿ, ಕೊಟ್ಟ ಮೇಲೆ ಕದಲಬೇಡಿ. ಕೊನೆಯ ದಿನದ ಕೆಳಗೆ ಇನ್ನೊಂದು ಕೊನೆಯ ದಿನ ಬರೆದಿರೋ, ಮೊದಲನೆಯದನ್ನು ನೀವೇ ಹೊಡೆದು ಹಾಕಿದಂತೆ. ಹೊತ್ತಿಗೆ ಸರಿಯಾಗಿ ತಂದುಕೊಟ್ಟ ಆ ಒಬ್ಬ ಹುಡುಗಿಯನ್ನು ಕ್ಲಾಸಿನ ಮುಂದೆ ಪೆದ್ದಿ ಮಾಡಿದ ಪಾಪವೂ ನಿಮ್ಮದೇ. ಬಡ್ಡಿ ಮನ್ನಾ ಮಾಡುವಾಗ ಸಾಲ ತೀರಿಸಿದವನ ಮುಖ ಯಾರೂ ನೋಡುವುದಿಲ್ಲ. ಎಕ್ಸ್‌ಟೆನ್ಷನ್ ಕೊಡುವ ಮೊದಲು ನೀವಾದರೂ ಒಮ್ಮೆ ಅವಳ ಮುಖ ನೋಡಿ.